ಹುಟ್ಟುವಾಗಿನ ತೂಕ

ಬದಿಯಡ್ಕದಲ್ಲಿ ಇವತ್ತು ಅತ್ತೆಯ ಸಕ್ಕರೆ ಕಾಯಿಲೆಗೆ ಚೀಟಿ ಬರೆಯುತ್ತಿದ್ದ ಡಾಕ್ಟರು ತಲೆಯೆತ್ತಿ, “ಹುಟ್ಟುವಾಗ ನಿಮ್ಮ ತೂಕ ಎಷ್ಟಿತ್ತಮ್ಮಾ?” ಎಂದು ಕೇಳಿದರು. “ಮನೆಯಲ್ಲಿದ್ದದ್ದು ಅಡಿಕೆ ತೂಗುವ ತಕ್ಕಡಿ ಮಾತ್ರ ಡಾಕ್ಟ್ರೇ, ಅದರಲ್ಲಿ ನನ್ನನ್ನು ಯಾರೂ ಕೂರಿಸಲಿಲ್ಲ” ಎಂದು ಅತ್ತೆ ನಕ್ಕುಬಿಟ್ಟರು.

ಕೇಳಲು ವಿಚಿತ್ರವೆನಿಸಿದರೂ ಆ ಪ್ರಶ್ನೆಗೆ ಆಧಾರವಿದೆ. ಬಸಿರಿನಲ್ಲಿ ಮಗುವಿಗೆ ಪೋಷಣೆ ಹೇಗೆ ಸಿಕ್ಕಿತೆಂಬುದಕ್ಕೆ ಹುಟ್ಟುವಾಗಿನ ತೂಕ ಒಂದು ಸುಳಿವು. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ದಿಗ್ಬಂಧನದಿಂದ ನೆದರ್ಲೆಂಡ್ಸ್‌ನ ಪಶ್ಚಿಮ ಭಾಗ ಹಸಿವಿನಿಂದ ತತ್ತರಿಸಿತು. ತಾಯಿ ಬಸುರಾದ ಹೊಸತರಲ್ಲೇ ಆ ಕ್ಷಾಮಕ್ಕೆ ಸಿಕ್ಕಿದವರನ್ನು ಸುಮಾರು 60 ವರ್ಷಗಳ ಬಳಿಕ ಪರೀಕ್ಷಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಎಂಬ ಜೀನಿನ ಮೇಲಿನ ಮೀಥೈಲ್ ಗುರುತುಗಳು (ಡಿಎನ್‌ಎಗೆ ಅಂಟಿಕೊಳ್ಳುವ ಪುಟ್ಟ ರಾಸಾಯನಿಕ ಗುರುತುಗಳು), ಕ್ಷಾಮ ಕಾಣದ ಅವರ ಒಡಹುಟ್ಟಿದವರಿಗಿಂತ ಕಡಿಮೆಯಿದ್ದುದು ಕಂಡುಬಂತೆಂದು 2008ರಲ್ಲಿ ಪ್ರಕಟವಾಯಿತು. ಡಿಎನ್‌ಎಯ ಅಕ್ಷರಗಳು ಬದಲಾಗಿರಲಿಲ್ಲ. ಯಾವ ಜೀನು ಎಷ್ಟು ಕೆಲಸ ಮಾಡಬೇಕೆಂಬುದರ ಮೇಲೆ ಪ್ರಭಾವ ಬೀರುವ ಗುರುತು ಬದಲಾಗಿತ್ತು. ಬಸಿರಿನಲ್ಲಿ ಅದೇ ಕ್ಷಾಮ ಕಂಡವರಲ್ಲಿ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಗ್ಗಿದ್ದೂ ಬೇರೆ ಅಧ್ಯಯನದಲ್ಲಿ ಕಂಡಿದೆ. ಆದರೆ ಈ ಗುರುತೇ ಆ ಕಾಯಿಲೆಯನ್ನು ತಂದಿತೆನ್ನುವುದಕ್ಕೆ ಇಷ್ಟು ಸಾಲದು.

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗ ನನಗೆ ಇನ್ನಷ್ಟು ಹಿಡಿಸಿತು. ತಾಯಿ ಹೆಚ್ಚು ನೆಕ್ಕಿ ಸಾಕಿದ ಮರಿಗಳು ದೊಡ್ಡವಾದ ಮೇಲೂ ಒತ್ತಡಕ್ಕೆ ಅಷ್ಟಾಗಿ ಕಂಗೆಡುವುದಿಲ್ಲ. ಮರಿಗಳನ್ನು ಹುಟ್ಟಿದ ಕೂಡಲೇ ಅದಲುಬದಲು ಮಾಡಿದರೆ, ಒತ್ತಡಕ್ಕೆ ಸಂಬಂಧಿಸಿದ ಅವುಗಳ ಜೀನಿನ ಮೇಲಿನ ಇಂಥ ಗುರುತು ಹೆತ್ತವಳನ್ನಲ್ಲ, ಸಾಕಿದವಳನ್ನು ಅನುಸರಿಸುತ್ತದೆ.