ಪಚ್‌ಮಢಿಯ ಸಾಹಸ ಶಿಬಿರಕ್ಕೆ ಮಕ್ಕಳನ್ನು ಕರೆದೊಯ್ಯುವವರಿಗೆ

ಬೇಸಿಗೆ ರಜೆಯಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಮಧ್ಯಪ್ರದೇಶದ ಗಿರಿಧಾಮ ಪಚ್‌ಮಢಿಯಲ್ಲಿ ನಡೆಸುವ ಸಾಹಸ ಶಿಬಿರಕ್ಕೆ ದಳವನ್ನು ಕರೆದೊಯ್ಯಬೇಕೆಂದಿರುವ ಹುಡುಗರ ದಳದ ಸ್ಕೌಟ್ ಮಾಸ್ಟರ್‌ಗಳೂ ಹುಡುಗಿಯರ ದಳದ ಗೈಡ್ ಕ್ಯಾಪ್ಟನ್‌ಗಳೂ ಬಂಡೆ ಹತ್ತುವುದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದಕ್ಕೆ ಅಲ್ಲಿ ನುರಿತ ತರಬೇತುದಾರರಿದ್ದಾರೆ. ನಮ್ಮ ಮಕ್ಕಳು ಬಸವಳಿದದ್ದು, ನಮ್ಮ ಹಣ ಹೋದದ್ದು, ನನ್ನ ತಾಳ್ಮೆ ಕೆಟ್ಟದ್ದು ಎಲ್ಲವೂ ಇಟಾರ್ಸಿ ನಿಲ್ದಾಣದಿಂದ ಶಿಬಿರದ ಗೇಟಿನವರೆಗಿನ ದಾರಿಯಲ್ಲಿ. ಆದ್ದರಿಂದ ಆ ದಾರಿಯ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ನಾವು ಕಲಬುರಗಿಯವರು. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ನಮ್ಮೂರಿನ ಮೇಲೆಯೇ ಹಾದು ಸೊಲ್ಲಾಪುರ, ಮನ್ಮಾಡ್, ಭುಸಾವಳ, ಖಾಂಡ್ವಾ ದಾಟಿ ಇಟಾರ್ಸಿ ಮುಟ್ಟುತ್ತದೆ. ಅಲ್ಲಿ ಇಳಿದು ಜಬಲ್ಪುರದ ಕಡೆಗೆ ಹೋಗುವ ಬೇರೆ ರೈಲು ಹಿಡಿದು ಪಿಪರಿಯಾ ತಲುಪಬೇಕು. ಪಿಪರಿಯಾದಿಂದ ಪಚ್‌ಮಢಿಗೆ ಸುಮಾರು 50 ಕಿಲೋಮೀಟರ್ ರಸ್ತೆ. ಗುಂಪು ದೊಡ್ಡದಿದ್ದರೆ ಟಿಕೆಟ್ಟಿಗೆ ತಿಂಗಳುಗಳ ಮೊದಲೇ ಓಡಾಡಿ. ಆನ್‌ಲೈನ್‌ನಲ್ಲಿ ಒಂದು ಟಿಕೆಟ್ಟಿಗೆ ಆರು ಜನರಿಗಿಂತ ಹೆಚ್ಚು ಸೇರಿಸಲಾಗದು. ಹಾಗೆ ಬಿಡಿಬಿಡಿಯಾಗಿ ತೆಗೆದರೆ ಮಕ್ಕಳು ನಾಲ್ಕು ಡಬ್ಬಿಗಳಿಗೆ ಹಂಚಿಹೋಗುತ್ತಾರೆ. ಶಾಲೆಯ ಪತ್ರ ಹಿಡಿದು ನಿಲ್ದಾಣದ ಮುಖ್ಯ ಕಾಯ್ದಿರಿಸುವಿಕೆ ಮೇಲ್ವಿಚಾರಕರನ್ನು ಕಂಡು ಗುಂಪು ಟಿಕೆಟ್ ಕೇಳುವುದು ಸರಿಯಾದ ದಾರಿ.

ರೈಲಿನಲ್ಲಿ ಊಟ, ನೀರು, ಸಾಮಾನಿನ ಲೆಕ್ಕ, ತಲೆಯೆಣಿಕೆ ಎಲ್ಲವನ್ನೂ ದಳದೊಳಗಿನ ಚಿಕ್ಕ ತಂಡಗಳಾದ ಪ್ಯಾಟ್ರೋಲ್‌ಗಳಿಗೇ ಹಂಚಿಬಿಡಿ. ಸ್ಕೌಟಿಂಗ್ ಶುರುಮಾಡಿದ ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಮೊಟ್ಟಮೊದಲ ಶಿಬಿರದಲ್ಲೇ ಹುಡುಗರನ್ನು ನಾಲ್ಕು ಪ್ಯಾಟ್ರೋಲ್‌ಗಳಾಗಿ ಮಾಡಿ, ಪ್ರತಿಯೊಂದಕ್ಕೂ ಒಬ್ಬ ನಾಯಕನನ್ನು ನೇಮಿಸಿ ಹೊಣೆಯನ್ನು ಅವರ ಕೈಗೇ ಕೊಟ್ಟಿದ್ದರು. ಆ ಪದ್ಧತಿ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಇಂಥ ಪ್ರಯಾಣದಲ್ಲಿ. ಶಾಲೆಯ ಮೈದಾನದಲ್ಲಿ ಸಾಲಾಗಿ ನಿಲ್ಲಿಸುವುದಕ್ಕೆ ಯಾವ ನಾಯಕಿಯೂ ಬೇಡ. ನಡುರಾತ್ರಿ ಇಟಾರ್ಸಿಯ ಪ್ಲಾಟ್‌ಫಾರ್ಮಿನಲ್ಲಿ ನಿದ್ದೆಗಣ್ಣಿನ ಏಳು ಹುಡುಗಿಯರನ್ನೂ ಅವರ ಚೀಲಗಳನ್ನೂ ಇಳಿಸಿಕೊಂಡು, ಎಣಿಸಿ, ‘ಎಲ್ಲರೂ ಇದ್ದೇವೆ ಮೇಡಂ’ ಎಂದು ಬಂದು ಹೇಳುವ ಎಂಟನೆಯ ತರಗತಿಯ ಹುಡುಗಿಯನ್ನು ನೋಡಿದಾಗ ನನಗೆ ಆದ ಹೆಮ್ಮೆ ಶಿಬಿರದ ಯಾವ ಪದಕ ಕಂಡಾಗಲೂ ಆಗಲಿಲ್ಲ.

ಇಟಾರ್ಸಿಯಲ್ಲಿ ರಾತ್ರಿ ಇಳಿದು ಬೆಳಗಿನ ರೈಲಿಗೆ ಕಾಯಬೇಕಾಗುತ್ತದೆ. ಹುಡುಗಿಯರಿದ್ದಾರೆ, ಮಲಗಲು ಒಂದು ಕಡೆ ಬೇಕು ಎಂದು ನಿಲ್ದಾಣದ ಎದುರಿನ ವಸತಿಗೃಹವೊಂದರಲ್ಲಿ ಕೋಣೆಗಳನ್ನು ಕೇಳಿದೆವು. ಫೋನಿನಲ್ಲಿ ಹೇಳಿದ್ದ ದರ, ಬಾಗಿಲಲ್ಲಿ ಮಕ್ಕಳ ಗುಂಪನ್ನು ಕಂಡೊಡನೆ ಎರಡು ಪಟ್ಟಾಯಿತು. ತಲೆಗೊಂದು ಹಾಸಿಗೆ ಎಂದು ಬೇರೆ ಲೆಕ್ಕ, ಹಾಸಿಗೆ ಮಾತ್ರ ಬರಲಿಲ್ಲ. ನಲ್ಲಿಯಲ್ಲಿ ನೀರು ಅರ್ಧ ಬಕೆಟ್ಟಿಗೆ ನಿಂತುಹೋಯಿತು. ಕೇಳಿದರೆ ‘ಬೆಳಿಗ್ಗೆ ಮೋಟಾರ್ ಹಾಕುತ್ತೇವೆ’ ಎಂಬ ಉತ್ತರ. ನಮ್ಮ ರೈಲು ಮೋಟಾರಿಗಿಂತ ಮೊದಲೇ ಇತ್ತು. ಕಿಟಕಿಯಿಲ್ಲದ ಆ ಕೋಣೆಗಳಲ್ಲಿ ಮೇ ತಿಂಗಳ ಸೆಖೆಗೆ ಒಬ್ಬರೂ ಕಣ್ಣು ಮುಚ್ಚಲಿಲ್ಲ.

ಮರಳುವಾಗ ನಾವು ನಿಲ್ದಾಣದ ಕಾಯುವ ಕೋಣೆಯಲ್ಲೇ ರಾತ್ರಿ ಕಳೆದೆವು. ಫ್ಯಾನ್ ತಿರುಗುತ್ತಿತ್ತು, ಕುಡಿಯುವ ನೀರಿತ್ತು, ರೈಲ್ವೆ ಪೊಲೀಸರು ಎರಡು ಸಲ ಬಂದು ವಿಚಾರಿಸಿಕೊಂಡು ಹೋದರು. ಪ್ಯಾಟ್ರೋಲ್‌ಗಳು ಸರದಿಯ ಮೇಲೆ ಎಚ್ಚರವಿದ್ದು ಸಾಮಾನು ಕಾದವು. ನೆಲದ ಮೇಲೆ ಮಲಗುವುದು ನನಗೆ ಕಷ್ಟವೆನಿಸುವುದಿಲ್ಲ, ಜಮಖಾನೆ ಹಾಸಿದರೆ ಮಕ್ಕಳಿಗೂ ಅದು ಖುಷಿಯೇ. ಹಾಸಿಗೆಯೇ ಬೇಕೆನ್ನುವವರು ರೈಲ್ವೆಯ ವಿಶ್ರಾಂತಿ ಕೊಠಡಿಗಳನ್ನು ಪಿಎನ್‌ಆರ್ ಸಂಖ್ಯೆಯ ಮೇಲೆ ಮೊದಲೇ ಕಾಯ್ದಿರಿಸಲು ಪ್ರಯತ್ನಿಸಿ. ನಿಲ್ದಾಣದ ಹೊರಗೆ ರಾತ್ರಿ ಹೊತ್ತು ಮಕ್ಕಳೊಂದಿಗೆ ಕೋಣೆ ಹುಡುಕುವ ಕೆಲಸವನ್ನು ಮಾತ್ರ ಮಾಡಬೇಡಿ.

ಪಿಪರಿಯಾದಲ್ಲಿ ಇಳಿದಾಗ ಬೆಳಗು. ಎಲ್ಲರ ಮುಖ ಬಾಡಿತ್ತು. ನಿಲ್ದಾಣದಿಂದ ಬಸ್ಸುಗಳು ನಿಲ್ಲುವ ಕಡೆಗೆ ನಡೆಯುವಾಗ ತಗಡಿನ ಚಪ್ಪರದ ಕೆಳಗೆ ಒಬ್ಬ ಅಜ್ಜ ದೊಡ್ಡ ಹಿತ್ತಾಳೆ ಪಾತ್ರೆಯಲ್ಲಿ ಪೋಹಾ ಇಟ್ಟುಕೊಂಡು ಕೂತಿದ್ದರು. ಅವಲಕ್ಕಿ ಒಗ್ಗರಣೆಯನ್ನು ನಾವೂ ಮಾಡುತ್ತೇವೆ. ಆದರೆ ಆ ಪೋಹಾ ಹಬೆಯ ಮೇಲೆಯೇ ಕೂತಿದ್ದರಿಂದ ಹತ್ತಿಯಷ್ಟು ಹಗುರವಾಗಿತ್ತು. ಸೋಂಪಿನ ಪರಿಮಳ, ಹಿಡಿತುಂಬ ಸೇವು, ಹಸಿ ಈರುಳ್ಳಿ, ಮೇಲೆ ನಿಂಬೆ ಹಿಂಡಿ ಎಲೆದೊನ್ನೆಯಲ್ಲಿ ಕೊಡುತ್ತಿದ್ದರು. ಪಕ್ಕದಲ್ಲಿ ಅವರ ಸೊಸೆ ಜಿಲೇಬಿ ಕರಿಯುತ್ತಿದ್ದರು. ಮಕ್ಕಳು ಜಿಲೇಬಿಗೆ ಮುಗಿಬಿದ್ದರೆ ಅಜ್ಜ ತಡೆದರು. ‘ಬೇಟಾ, ಈಗ ಘಾಟಿ ಹತ್ತುವವರಿದ್ದೀರಿ. ಪೋಹಾ ತಿನ್ನಿ, ಚಹಾ ಕುಡಿಯಿರಿ. ಜಿಲೇಬಿ ಇಳಿದು ಬಂದ ಮೇಲೆ’ ಎಂದರು. ವ್ಯಾಪಾರ ಬಿಟ್ಟುಕೊಟ್ಟು ಮಕ್ಕಳ ಹೊಟ್ಟೆಯ ಚಿಂತೆ ಮಾಡಿದ ಆ ಹಿರಿಯರನ್ನು ನಾನು ಮರೆಯಲಾರೆ. ಹಿಂದಿನ ರಾತ್ರಿ ಒಂದು ಕೋಣೆಗೆ ಕೊಟ್ಟ ಬಾಡಿಗೆಯಲ್ಲಿ ಇಡೀ ದಳ ಅಲ್ಲಿ ಎರಡೆರಡು ಸಲ ತಿನ್ನಬಹುದಿತ್ತು. ಎರಡನೆಯ ಸಲ ದೊನ್ನೆಗೆ ಹಾಕಿದ ಪೋಹಾಕ್ಕೆ ಅವರು ಹಣವನ್ನೂ ತೆಗೆದುಕೊಳ್ಳಲಿಲ್ಲ. ಮರಳುವಾಗ ನಾವು ಜಿಲೇಬಿಗೆಂದೇ ಅಲ್ಲಿ ನಿಂತೆವು. ಬಿಸಿ ಜಿಲೇಬಿಯನ್ನು ಪೋಹಾದ ಜೊತೆಗೇ ತಿನ್ನಬೇಕು, ಖಾರದ ಹಿಂದೆಯೇ ಸಿಹಿ. ನಮ್ಮ ಕಡೆ ಸೂಸಲಾದ ಜೊತೆ ಮಿರ್ಚಿ ಬಜ್ಜಿ ತಿನ್ನುವವರಿಗೆ ಅದು ಹೊಸ ರುಚಿ. ನಿಲ್ದಾಣದ ಸುತ್ತ ಇಂಥ ಅಂಗಡಿಗಳು ಹಲವಿವೆ. ಹಬೆಯಾಡುವ ಪಾತ್ರೆ, ಸಾಲು ನಿಂತ ಸ್ಥಳೀಯರು, ಇವೆರಡನ್ನು ನೋಡಿ ಆರಿಸಿಕೊಳ್ಳಿ.

ಇನ್ನು ಬಸ್ಸಿನ ಕಥೆ. ಅದನ್ನು ಬರೆಯುವಾಗ ಇವತ್ತಿಗೂ ಸಿಟ್ಟು ಬರುತ್ತದೆ. ಬಸ್ಸುಗಳ ಬಳಿ ನಿಂತಿದ್ದ ಏಜೆಂಟ್ ಒಬ್ಬ ‘ಪೂರ್ತಿ ಗಾಡಿ ನಿಮ್ಮದೇ, ಬೇರೆಯವರನ್ನು ಹತ್ತಿಸುವುದಿಲ್ಲ’ ಎಂದು ಹೇಳಿ ಇಡೀ ಮೊತ್ತವನ್ನು ಮುಂಗಡ ತೆಗೆದುಕೊಂಡ. ರಸೀದಿ ಕೇಳಿದರೆ ನಕ್ಕ. ಊರು ದಾಟುವುದರೊಳಗೆ ಗಾಡಿ ನಿಂತಿತು, ಜನ ಹತ್ತಿದರು. ಮತ್ತೆ ನಿಂತಿತು, ಮತ್ತೆ ಹತ್ತಿದರು. ಹೊತ್ತು ಏರುತ್ತಿತ್ತು, ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುತ್ತಿತ್ತು. ದೇನವಾ ನದಿಯ ದಂಡೆಯ ಮಟ್ಕುಲಿಯಲ್ಲಿ ಚಾಲಕ ಇಳಿದು ಹೋದವನು ಬಹಳ ಹೊತ್ತು ಬರಲೇ ಇಲ್ಲ. ಬಂದವನು ಛಾವಣಿಯ ಮೇಲಿನ ಸಾಮಾನಿಗೆ ಬೇರೆ ಹಣ ಕೊಟ್ಟರೆ ಮಾತ್ರ ಘಾಟಿ ಹತ್ತುತ್ತೇನೆ ಎಂದ. ಅಷ್ಟೊತ್ತಿಗೆ ಒಬ್ಬ ಪುಟ್ಟ ಸ್ಕೌಟ್ ವಾಂತಿ ಮಾಡಿಕೊಂಡು ಸೋತಿದ್ದ. ಜಗಳವಾಡುವ ಜಾಗ ಅದಲ್ಲ. ಕೊಟ್ಟೆವು.

ಮರಳುವ ದಿನ ಸಮಯಕ್ಕೆ ಓಡುವ ಸಾಮಾನ್ಯ ಬಸ್ಸನ್ನೇ ಹತ್ತಿದೆವು. ತಲೆಗೆ ಟಿಕೆಟ್ ಹರಿದುಕೊಟ್ಟರು, ಸಾಮಾನನ್ನು ನಿರ್ವಾಹಕರೇ ಕಟ್ಟಿಕೊಟ್ಟರು, ವಾಂತಿಯಾಗುವ ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಎಲ್ಲ ಸೇರಿಯೂ ಹೋಗುವಾಗಿನ ಅರ್ಧ ಖರ್ಚಾಗಲಿಲ್ಲ. ಆದ್ದರಿಂದ ಗುಂಪು ದೊಡ್ಡದಿದ್ದರೆ ಎರಡು ಪಾಳಿಯಲ್ಲಿ, ತಲಾ ಒಬ್ಬ ಶಿಕ್ಷಕರ ಜೊತೆ, ಸಾಮಾನ್ಯ ಬಸ್ಸುಗಳಲ್ಲೇ ಹೋಗಿ. ಹುಡುಗಿಯರ ಪಾಳಿಯ ಜೊತೆ ಗೈಡ್ ಕ್ಯಾಪ್ಟನ್ ಇರಲೇಬೇಕು. ಸ್ವಂತ ಗಾಡಿಯೇ ಬೇಕೆಂದರೆ ಹೊರಡುವ ಮೊದಲೇ ಶಿಬಿರದ ಕಚೇರಿಗೆ ಫೋನ್ ಮಾಡಿ ಅವರಿಗೆ ಗೊತ್ತಿರುವ ವಾಹನ ಕೇಳಿ. ಮೊತ್ತವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಅರ್ಧ ಹಣ ಗೇಟಿನಲ್ಲಿ ಇಳಿದ ಮೇಲೆ ಕೊಡಿ.

ಶಿಬಿರದ ದಿನಚರಿಯನ್ನು ಇಲ್ಲಿ ಒಪ್ಪಿಸುವುದಿಲ್ಲ. ನಸುಕಿನ ವ್ಯಾಯಾಮ, ಧ್ವಜವಂದನೆ, ತಪಾಸಣೆ, ರಾತ್ರಿಯ ಶಿಬಿರಾಗ್ನಿ ಇವು ಸ್ಕೌಟಿಂಗ್‌ನಲ್ಲಿ ಇರುವವರಿಗೆ ಗೊತ್ತೇ ಇವೆ. ಬಿಲ್ವಿದ್ಯೆ, ರೈಫಲ್ ಗುರಿ, ಹಗ್ಗದ ಸೇತುವೆಗಳನ್ನು ಮಕ್ಕಳು ಆಟದಂತೆ ಮುಗಿಸಿದರು. ಬರೆಯಲೇಬೇಕಾದದ್ದು ಬಂಡೆಯಿಂದ ಹಗ್ಗದ ಮೇಲೆ ಇಳಿಯುವ ರ್‍ಯಾಪೆಲಿಂಗ್ ಬಗ್ಗೆ.

ಅದರಲ್ಲಿ ಮೊದಲ ಹೆಜ್ಜೆಯೇ ಕಠಿಣ. ಬಂಡೆಯ ಅಂಚಿನಲ್ಲಿ ಬೆನ್ನು ಮಾಡಿ ನಿಂತು, ಹಗ್ಗವನ್ನು ನಂಬಿ ಹಿಂದಕ್ಕೆ ವಾಲಬೇಕು. ಹೆದರಿದವರು ಬಂಡೆಯನ್ನು ಅಪ್ಪಿಕೊಳ್ಳಲು ನೋಡುತ್ತಾರೆ, ಆಗ ಕಾಲು ಜಾರುತ್ತದೆ. ಕಾಲುಗಳನ್ನು ಭುಜದಷ್ಟು ಅಗಲಿಸಿ, ಪಾದವನ್ನು ಬಂಡೆಗೆ ಒತ್ತಿ, ಸೊಂಟದ ಕೆಳಗೆ ಹಗ್ಗ ಹಿಡಿದ ಕೈಯನ್ನು ಏನೇ ಆದರೂ ಬಿಡದೆ ಇಳಿಯಬೇಕು. ಆ ಕೈಯೇ ಬ್ರೇಕ್. ನಮ್ಮ ಗೈಡ್ ಒಬ್ಬಳು ಅಂಚಿನಲ್ಲಿ ನಿಂತು ಅಳತೊಡಗಿದಳು. ಕೆಳಗಿದ್ದ ಬೇರೆ ಊರಿನ ಮಕ್ಕಳು ಕೂಗಿ ಹುರಿದುಂಬಿಸಲು ಶುರುಮಾಡಿದರು. ತರಬೇತುದಾರರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಅವಳನ್ನು ಪಕ್ಕಕ್ಕೆ ಕೂರಿಸಿ, ಹಗ್ಗ ಎಲ್ಲಿ ಕಟ್ಟಿದೆ, ಎರಡನೆಯ ಹಗ್ಗ ಯಾರ ಕೈಯಲ್ಲಿದೆ ಎಂದು ತೋರಿಸಿದರು. ಹಗ್ಗ ಸಿಕ್ಕಿಸುವ ಲೋಹದ ಕೊಂಡಿ ಕ್ಯಾರಬಿನರ್‌ನ ತಿರುಪನ್ನು ಅವಳ ಕೈಯಿಂದಲೇ ಬಿಗಿಗೊಳಿಸಿದರು. ಆಮೇಲೆ ‘ಇಳಿಯುವೆಯಾ, ಬೇಡವಾ?’ ಎಂದು ಕೇಳಿದರು. ಅವಳು ಬೇಡ ಎಂದಳು. ಅವರು ಸರಿ ಎಂದರು, ಅಷ್ಟೇ. ಮರುದಿನ ಅವಳೇ ಸಾಲಿನಲ್ಲಿ ಮೊದಲು ನಿಂತು ಇಳಿದಳು. ಯಾವ ಶಿಬಿರಕ್ಕೆ ಹೋದರೂ ಶಿಕ್ಷಕರು ನೋಡಬೇಕಾದದ್ದು ಇದನ್ನೇ. ಹೆದರಿದ ಮಗುವನ್ನು ತಳ್ಳುವವರಿದ್ದರೆ ಅಲ್ಲಿಯೇ ತಡೆಯಿರಿ. ಇಳಿಯುವ ಹಗ್ಗದ ಜೊತೆಗೆ ರಕ್ಷಣೆಯ ಎರಡನೆಯ ಹಗ್ಗ ಇದೆಯೇ, ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿದೆಯೇ ಎಂದು ಕೇಳಲು ಸಂಕೋಚ ಬೇಡ. ಹುಡುಗಿಯರ ಜಡೆಯನ್ನು ಒಳಗೆ ಸೇರಿಸಿ ಕಟ್ಟಬೇಕು. ಸ್ಕಾರ್ಫ್, ಸಮವಸ್ತ್ರದ ಹುರಿಯಾದ ಲ್ಯಾನ್‌ಯಾರ್ಡ್, ಬಳೆ, ಉಂಗುರ ಎಲ್ಲವನ್ನೂ ತೆಗೆದಿಡಬೇಕು. ಸ್ಕಾರ್ಫ್ ಎಷ್ಟೇ ಅಭಿಮಾನದ್ದಾಗಿರಲಿ, ಹಗ್ಗಕ್ಕೆ ಸಿಕ್ಕಿಕೊಂಡರೆ ಕುತ್ತಿಗೆಗೆ ಅಪಾಯ.

ಬೂಟು ಹೊಸದು ಬೇಡ. ಪ್ರವಾಸಕ್ಕೆಂದು ಹೊಸ ಬೂಟು ಕೊಡಿಸಿದ ಮನೆಗಳ ಮಕ್ಕಳೇ ಚೌರಾಗಢದ ದಾರಿಯಲ್ಲಿ ಹಿಮ್ಮಡಿ ಬೊಬ್ಬೆಯೆದ್ದು ಕುಂಟಿದರು. ಸುಮಾರು 1300 ಮೆಟ್ಟಿಲುಗಳ ಏರು ಅದು. ಮೇಲಿನ ಶಿವನ ಗುಡಿಯಲ್ಲಿ ಭಕ್ತರು ಹರಕೆಗೆ ಹೊತ್ತು ತಂದ ತ್ರಿಶೂಲಗಳು ರಾಶಿ ರಾಶಿಯಾಗಿ ನಿಂತಿವೆ. ನಸುಕಿನಲ್ಲೇ ಹೊರಟರೆ ನೆರಳಿರುತ್ತದೆ, ಪ್ರತಿ ಮಗುವಿನ ಬಳಿ ಎರಡು ಲೀಟರ್ ನೀರಿರಲಿ. ತಿಂಡಿಯ ಪೊಟ್ಟಣವನ್ನು ಕೈಯಲ್ಲಿ ಹಿಡಿಯಬಾರದು, ಅಲ್ಲಿನ ಕೋತಿಗಳು ಬಿಡುವುದಿಲ್ಲ.

ಬಿಸಿಲಿಗೆ ನಾವು ಅಂಜಲಿಲ್ಲ. ಕಲಬುರಗಿಯ ಮೇ ತಿಂಗಳು ಕಂಡವರಿಗೆ ಪಚ್‌ಮಢಿಯ ಮಧ್ಯಾಹ್ನವೂ ಸಹ್ಯವೇ, ರಾತ್ರಿಯಂತೂ ಹೊದಿಕೆ ಬೇಕು. ಮಲೆನಾಡಿನಿಂದ ಬರುವವರಿಗೆ ಹಾಗೆನ್ನಿಸದೆ ಇರಬಹುದು. ಊಟ ರೊಟ್ಟಿ, ಬೇಳೆ, ಪಲ್ಯ. ಎರಡನೆಯ ದಿನಕ್ಕೇ ಮಕ್ಕಳ ನಾಲಿಗೆ ಖಾರ ಬೇಡುತ್ತದೆ. ನಾವು ಒಯ್ದ ಕಟಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕೊನೆಯವರೆಗೆ ಕೆಡದೆ ಉಳಿದವು. ಒಡಿಶಾದ ಮಕ್ಕಳು ಹಿಂಡಿಯ ರುಚಿಗೆ ಸೋತು ನಮ್ಮ ಡಬ್ಬಿಯನ್ನು ಖಾಲಿ ಮಾಡಿಯೇ ಹೋದರು.

ಊರು ನೋಡುವುದಕ್ಕೆ ಒಂದು ಹೆಚ್ಚುವರಿ ದಿನ ಇಟ್ಟುಕೊಳ್ಳುವವರಿದ್ದಾರೆ. ಜನಜಂಗುಳಿ ನನಗೆ ಆಗದು, ಅದನ್ನು ಗಮನದಲ್ಲಿಟ್ಟುಕೊಂಡೇ ಓದಿ. ಬೀ ಫಾಲ್ ಜಲಪಾತಕ್ಕೆ ರಜೆಯ ದಿನ ಹೋಗಬೇಡಿ. ಮೇ ತಿಂಗಳಲ್ಲಿ ನೀರು ಸಣ್ಣದಾಗಿರುತ್ತದೆ, ಅದರ ಕೆಳಗೆ ನೂರಾರು ಜನ. ಮಕ್ಕಳ ತಲೆಯೆಣಿಕೆ ಮಾಡುವುದರಲ್ಲೇ ಹೊತ್ತು ಕಳೆಯುತ್ತದೆ. 1352 ಮೀಟರ್ ಎತ್ತರದ ಧೂಪ್‌ಗಢ ಸಾತ್ಪುರ ಬೆಟ್ಟಸಾಲಿನ ಅತಿ ಎತ್ತರದ ಶಿಖರ, ಮಧ್ಯಪ್ರದೇಶದಲ್ಲೂ ಅದೇ ಅತಿ ಎತ್ತರದ್ದು. ಸಂಜೆ ಮಾತ್ರ ಜೀಪುಗಳ ಹೊಗೆಯೇ ಹೆಚ್ಚು. ಅರಣ್ಯದೊಳಗಿನ ಜಾಗಗಳಿಗೆ ಅನುಮತಿ ಬೇಕು, ಬಾಡಿಗೆ ಜೀಪಿನ ಖರ್ಚೂ ಇದೆ. ಅದರ ಬದಲು ಬೆಳಗಿನ ಜಾವ ನಡೆದೇ ಶಿವನ ಗುಹಾಲಯ ಜಟಾಶಂಕರಕ್ಕೆ ಹೋಗಿ. ಬಂಡೆಗಳ ನಡುವೆ ಇಳಿದಂತೆ ಗಾಳಿ ತಣ್ಣಗಾಗುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ಪೂಜಾರಿಯವರನ್ನು ಬಿಟ್ಟರೆ ನಾವಷ್ಟೇ ಇದ್ದೆವು.

ಹೊರಡುವ ಮುನ್ನ ಪ್ರಮಾಣಪತ್ರಗಳನ್ನು ಒಂದೊಂದಾಗಿ ಓದಿ ನೋಡಿ. ನಮ್ಮ ಕಡೆಯ ಹೆಸರುಗಳನ್ನು ಅಲ್ಲಿನವರು ಕೇಳಿದಂತೆ ಬರೆಯುತ್ತಾರೆ. ಶರಣಮ್ಮ ಶರ್ಮಾ ಆಗಿದ್ದಳು, ಮಲ್ಲಿನಾಥ ಮಾಲಿ ಆಗಿದ್ದ. ಶಾಲೆಯ ದಾಖಲೆಯಲ್ಲಿರುವ ಹೆಸರುಗಳ ಟೈಪ್ ಮಾಡಿದ ಪಟ್ಟಿಯನ್ನು ಮೊದಲ ದಿನವೇ ಕಚೇರಿಗೆ ಕೊಟ್ಟುಬಿಡಿ. ಕೊನೆಯ ದಿನದ ಗಡಿಬಿಡಿಯಲ್ಲಿ ತಿದ್ದಿಸಿಕೊಳ್ಳಲು ಕೂತರೆ ಪಿಪರಿಯಾದ ಬಸ್ ತಪ್ಪುತ್ತದೆ.