ಈಚ್, ಫಾರ್‌ಈಚ್, ಮ್ಯಾಪ್: ಟೊಮ್ಯಾಟೊ ಮಂಡಿ ಲೆಕ್ಕದಲ್ಲಿ ರೂಬಿ ಮತ್ತು ಜಾವಾಸ್ಕ್ರಿಪ್ಟ್

ಕೋಲಾರದ ಟೊಮ್ಯಾಟೊ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವಾಗ ಸರ್ವರ್ ಕಡೆ ರೂಬಿ, ಮೊಬೈಲ್ ಕಡೆ ಜಾವಾಸ್ಕ್ರಿಪ್ಟ್. ಎರಡೂ ಕಡೆ ಕೈಗೆ ಬರುವುದು ಆ ದಿನದ ಲಾಟುಗಳ ಅರೇ, ಅಂದರೆ ಕ್ರಮವಾಗಿ ಜೋಡಿಸಿದ ಪಟ್ಟಿ: ರೈತರ ಹೆಸರು, 15 ಕೆಜಿಯ ಬಾಕ್ಸ್ ಎಷ್ಟು, ಹರಾಜಿನಲ್ಲಿ ಬಾಕ್ಸಿಗೆ ನಿಂತ ದರ ಎಷ್ಟು. ಕೋಡನ್ನು ಆ ಕಡೆಯಿಂದ ಈ ಕಡೆಗೆ ತರುವಾಗ ಮೆಥಡ್ ಹೆಸರು ಹೊಂದಿದರೆ ಸಾಕು ಅಂತ ಹೊಸಬರು ಅಂದುಕೊಳ್ಳುತ್ತಾರೆ. ನೋಡಬೇಕಾದ್ದು ಬೇರೆ: ಮೆಥಡ್ ಏನನ್ನು ವಾಪಸ್ ಕೊಡುತ್ತದೆ, ಮಧ್ಯದಲ್ಲಿ ಅದನ್ನು ನಿಲ್ಲಿಸುವುದು ಹೇಗೆ.

ಅರೇಯ ಒಂದೊಂದು ಲಾಟನ್ನೂ ಸರದಿಯಾಗಿ ಹಿಡಿಯುವುದು ರೂಬಿಯಲ್ಲಿ ಈಚ್, ಜಾವಾಸ್ಕ್ರಿಪ್ಟಿನಲ್ಲಿ ಫಾರ್‌ಈಚ್. ಒಂದೊಂದರ ಫಲ ಸೇರಿಸಿ ಹೊಸ ಅರೇ ಕಟ್ಟುವುದು ಎರಡರಲ್ಲೂ ಮ್ಯಾಪ್. ರೂಬಿಯ ಈಚ್ ಮುಗಿದ ಮೇಲೆ ಅದೇ ಅರೇಯನ್ನು ಕೊಡುತ್ತದೆ, ಆದ್ದರಿಂದ ಅದರ ಮುಂದೆ ಮ್ಯಾಪ್ ಜೋಡಿಸಿದರೂ ಓಡುತ್ತದೆ. ಫಾರ್‌ಈಚ್ ಕೊಡುವುದು ಅನ್‌ಡಿಫೈನ್ಡ್, ಅಂದರೆ ಏನೂ ಇಲ್ಲ. ಮುಂದೆ ಮ್ಯಾಪ್ ಜೋಡಿಸಿದರೆ ಟೈಪ್‌ಎರರ್ ಬರುತ್ತದೆ. ಇದು ಒಳ್ಳೆಯ ತಪ್ಪು, ಕಣ್ಣಿಗೆ ಬೀಳುತ್ತದೆ.

ಕಣ್ಣಿಗೆ ಬೀಳದ್ದು ನಿಲ್ಲಿಸುವ ವಿಷಯ. ದರ ತುಂಬದ ಮೊದಲ ಲಾಟು ಯಾವುದು ಅಂತ ಹುಡುಕಬೇಕು ಅನ್ನಿ. ರೂಬಿಯ ಬ್ಲಾಕಿನಲ್ಲಿ (ಪ್ರತಿ ಲಾಟಿಗೂ ಓಡುವ ಕೋಡ್ ತುಂಡು) ಬ್ರೇಕ್ ಹಾಕಿದರೆ ಈಚ್ ಅಲ್ಲಿಗೇ ನಿಲ್ಲುತ್ತದೆ. ಬ್ರೇಕ್ ಜೊತೆ ಲಾಟನ್ನೂ ಕೊಟ್ಟರೆ ಈಚ್ ಆ ಲಾಟನ್ನೇ ವಾಪಸ್ ಕೊಡುತ್ತದೆ. ಫಾರ್‌ಈಚ್ ಕಾಲ್‌ಬ್ಯಾಕಿನಲ್ಲಿ (ಬ್ಲಾಕಿನ ಜಾಗದಲ್ಲಿ ಕೊಡುವ ಫಂಕ್ಷನ್) ಬ್ರೇಕ್ ಬರೆದರೆ ಸಿಂಟ್ಯಾಕ್ಸ್ ಎರರ್. ಆಗ ಬಹಳ ಜನ ರಿಟರ್ನ್ ಹಾಕುತ್ತಾರೆ, ಎರರ್ ಹೋಗುತ್ತದೆ, ಲೂಪ್ ಮಾತ್ರ ನಿಲ್ಲುವುದಿಲ್ಲ. ಅಲ್ಲಿ ರಿಟರ್ನ್ ಅಂದರೆ ಈ ಒಂದು ಸುತ್ತು ಸಾಕು ಅಂತ ಅಷ್ಟೇ, ರೂಬಿಯ ನೆಕ್ಸ್ಟ್ ಇದ್ದ ಹಾಗೆ. ಮೊದಲ ಲಾಟು ಬೇಕಾದ ಕಡೆ ಕೊನೆಯ ಲಾಟು ವೇರಿಯಬಲ್‌ನಲ್ಲಿ ಕೂತಿರುತ್ತದೆ. ಇಂಥಲ್ಲಿ ಷರತ್ತಿಗೆ ಹೊಂದುವ ಮೊದಲನೆಯದನ್ನು ಕೊಡುವ ಫೈಂಡ್ ಬಳಸಿ, ಇಲ್ಲವೇ ಫಾರ್-ಆಫ್ ಲೂಪ್ ಬರೆದು ಬ್ರೇಕ್ ಹಾಕಿ.

ಇದೇ ತಪ್ಪು ತಿರುಗಿಯೂ ಆಗುತ್ತದೆ, ಅದರ ಪೆಟ್ಟು ಇನ್ನೂ ಜೋರು. ಜಾವಾಸ್ಕ್ರಿಪ್ಟ್ ರೂಢಿಯವರು ಒಂದು ಲಾಟನ್ನು ಬಿಡಲು ರೂಬಿ ಬ್ಲಾಕಿನೊಳಗೆ ರಿಟರ್ನ್ ಬರೆಯುತ್ತಾರೆ. ಅದು ಬ್ಲಾಕಿನಿಂದಲ್ಲ, ಹೊರಗಿನ ಇಡೀ ಮೆಥಡ್‌ನಿಂದಲೇ ಹೊರಬರುತ್ತದೆ. ಆ ಲಾಟಿನ ನಂತರದ ಯಾವ ರೈತರಿಗೂ ಚೀಟಿ ಆಗುವುದಿಲ್ಲ, ಲಾಗ್‌ನಲ್ಲಿ ಎರರೂ ಇರುವುದಿಲ್ಲ.

ಮ್ಯಾಪ್‌ನಲ್ಲಿ ಆ್ಯರೋ ಫಂಕ್ಷನ್ನಿಗೆ ಫ್ಲವರ್ ಬ್ರಾಕೆಟ್ ಹಾಕಿ ರಿಟರ್ನ್ ಮರೆತರೆ ಅಷ್ಟೂ ಅನ್‌ಡಿಫೈನ್ಡ್. ರೂಬಿಯಲ್ಲಿ ಬ್ಲಾಕಿನ ಕೊನೆಯ ಸಾಲೇ ಫಲ, ಆದರೆ ಪರೀಕ್ಷೆಗೆಂದು ಕೊನೆಗೆ ಪರದೆಗೆ ಬರೆಯುವ ಪುಟ್ಸ್ ಸೇರಿಸಿದರೆ ಸಾಲುಸಾಲಾಗಿ ನಿಲ್, ಅಂದರೆ ರೂಬಿಯ 'ಏನೂ ಇಲ್ಲ'. ಇನ್ನೊಂದು: ಜಾವಾಸ್ಕ್ರಿಪ್ಟ್ ಕಾಲ್‌ಬ್ಯಾಕಿಗೆ ಎಲಿಮೆಂಟ್ ಜೊತೆ ಇಂಡೆಕ್ಸನ್ನೂ (0ಯಿಂದ ಶುರುವಾಗುವ ಕ್ರಮಸಂಖ್ಯೆ) ಕಳಿಸುತ್ತದೆ. '10', '10', '10' ಎಂಬ ಮೂರು ಸ್ಟ್ರಿಂಗಿನ ಅರೇಗೆ, ಸ್ಟ್ರಿಂಗನ್ನು ಪೂರ್ಣಾಂಕ ಮಾಡುವ ಪಾರ್ಸ್‌ಇಂಟನ್ನು ನೇರವಾಗಿ ಮ್ಯಾಪ್ ಮಾಡಿ ನೋಡಿ: 10, ನ್ಯಾನ್ (ಸಂಖ್ಯೆಯಲ್ಲ), 2. ಇಂಡೆಕ್ಸನ್ನು ಅದು ಸಂಖ್ಯಾ ಪದ್ಧತಿಯ ಆಧಾರ ಅಂತ ತಿಳಿಯುತ್ತದೆ. ಪಾರ್ಸ್‌ಇಂಟ್ ಬದಲು ನಂಬರ್ ಕೊಟ್ಟರೆ ಈ ಕಾಟವಿಲ್ಲ.

ಸೊನ್ನೆಯ ಕಥೆಗೆ ಸ್ವಲ್ಪ ಜಾಗ ಕೊಡಲೇಬೇಕು. ಮಾಲು ಕೊಳೆತು ಯಾರೂ ಕೂಗದ ಲಾಟಿನ ದರ 0. ದರ ಇನ್ನೂ ತುಂಬದ ಲಾಟಿನದು ನಿಲ್, ಅದು ಮೊಬೈಲಿಗೆ ನಲ್ ಆಗಿ ಬರುತ್ತದೆ. 'ದರ ಇದ್ದವು ಮಾತ್ರ' ಅಂತ ಎರಡೂ ಕಡೆ ಫಿಲ್ಟರ್ ಮಾಡಿದರೆ ರೂಬಿ ನಿಲ್ ಅನ್ನು ಮಾತ್ರ ಬಿಡುತ್ತದೆ, ಏಕೆಂದರೆ ಅಲ್ಲಿ ಷರತ್ತಿನಲ್ಲಿ 0 ಕೂಡ 'ನಿಜ' ಅಂತಲೇ ಲೆಕ್ಕ. ಜಾವಾಸ್ಕ್ರಿಪ್ಟಿಗೆ 0 'ಸುಳ್ಳು', ಹಾಗಾಗಿ 0 ಇದ್ದದ್ದನ್ನೂ ಎಸೆಯುತ್ತದೆ. ಮೊತ್ತ ಎರಡೂ ಕಡೆ ಒಂದೇ ಬರುವುದರಿಂದ ಯಾರಿಗೂ ಅನುಮಾನ ಬರದು, ಲಾಟು ಎಣಿಸಿದಾಗಲೇ ಗೊತ್ತಾಗುವುದು. ಷರತ್ತಿನಲ್ಲಿ ದರವನ್ನು ನಲ್ ಜೊತೆ ಬಾಯಿಬಿಟ್ಟು ಹೋಲಿಸಿ.

ಸಾರ್ಟ್: 950, 80, 1100 ಎಂಬ ದರಗಳನ್ನು ಜಾವಾಸ್ಕ್ರಿಪ್ಟ್ 1100, 80, 950 ಅಂತ ಜೋಡಿಸುತ್ತದೆ, ಸ್ಟ್ರಿಂಗ್ ಲೆಕ್ಕದಲ್ಲಿ. ಹೋಲಿಕೆಯ ಫಂಕ್ಷನ್ ಕೊಡಲೇಬೇಕು. ಮೇಲಾಗಿ ಅಲ್ಲಿನ ಸಾರ್ಟ್ ಮೂಲ ಅರೇಯನ್ನೇ ಕಲಕುತ್ತದೆ, ಲಾಟು ಬಂದ ಕ್ರಮ ಹೋಯಿತು. ಜಾವಾಸ್ಕ್ರಿಪ್ಟಿನ 2023ರ ಆವೃತ್ತಿಯ ಟು‌ಸಾರ್ಟೆಡ್ ಹೊಸ ಅರೇ ಕೊಡುತ್ತದೆ, ಆದರೆ ಮಂಡಿಯ ಹಳೆಯ ಫೋನುಗಳನ್ನು ನಂಬಬೇಡಿ, ಪ್ರತಿ ಮಾಡಿಕೊಂಡೇ ಸಾರ್ಟ್ ಮಾಡಿ. ರೂಬಿಯ ಸಾರ್ಟ್ ಮೂಲವನ್ನು ಮುಟ್ಟುವುದಿಲ್ಲ. ಅಲ್ಲಿನ ಬಲೆ, ಷರತ್ತಿಗೆ ಸಿಕ್ಕವನ್ನು ಮೂಲ ಅರೇಯಿಂದಲೇ ತೆಗೆಯುವ 'ರಿಜೆಕ್ಟ್!': ತೆಗೆಯಲು ಏನೂ ಸಿಗದ ದಿನ ಅದು ಅರೇ ಬದಲು ನಿಲ್ ಕೊಡುತ್ತದೆ, ಮುಂದೆ ಜೋಡಿಸಿದ್ದೆಲ್ಲ ಕುಸಿಯುತ್ತದೆ. ಅದೇ ಕೆಲಸ ಮಾಡುವ ಡಿಲೀಟ್_ಇಫ್ ಆದರೆ ಯಾವಾಗಲೂ ಅರೇಯನ್ನೇ ಕೊಡುತ್ತದೆ.

ಮಾರುಕಟ್ಟೆಗೆ ರಜೆ ಇದ್ದ ದಿನ ಅರೇ ಖಾಲಿ. ಆರಂಭದ ಮೌಲ್ಯ ಕೊಡದ ರೆಡ್ಯೂಸ್ (ಅರೇಯನ್ನು ಒಂದೇ ಮೌಲ್ಯಕ್ಕೆ ಇಳಿಸುವ ಮೆಥಡ್) ಜಾವಾಸ್ಕ್ರಿಪ್ಟಿನಲ್ಲಿ ಟೈಪ್‌ಎರರ್ ಎಸೆಯುತ್ತದೆ, ರೂಬಿಯಲ್ಲಿ ನಿಲ್ ಕೊಡುತ್ತದೆ, ರೂಬಿಯ ಸಮ್ ಮಾತ್ರ 0. ದಶಮಾಂಶದಲ್ಲೂ ಹೀಗೆಯೇ: ಹತ್ತು ಸಲ 0.1 ಕೂಡಿಸಿದರೆ ರೂಬಿಯ ಸಮ್ 1.0 ಕೊಡುತ್ತದೆ, ಎರಡೂ ಭಾಷೆಯ ರೆಡ್ಯೂಸ್ 0.9999999999999999. ಹಣವನ್ನು ಪೈಸೆಯ ಪೂರ್ಣಾಂಕದಲ್ಲೇ ಇಡಿ.

ಕೊನೆಗೆ ರೈತರಿಗೆ ಕಳಿಸುವ ಎಸ್‌ಎಂಎಸ್. ಫಾರ್‌ಈಚ್‌ಗೆ ಅಸಿಂಕ್ (ಫಲ ಆಮೇಲೆ ಬರುವ) ಕಾಲ್‌ಬ್ಯಾಕ್ ಕೊಟ್ಟರೆ ಅದು ಯಾವುದಕ್ಕೂ ಕಾಯುವುದಿಲ್ಲ, ಒಂದು ಸಂದೇಶ ಹೊರಡುವ ಮೊದಲೇ ಪರದೆಯಲ್ಲಿ 'ಕಳಿಸಲಾಗಿದೆ' ಬಂದಿರುತ್ತದೆ. ಒಂದಾದ ಮೇಲೊಂದು ಹೋಗಬೇಕಾದರೆ ಫಾರ್-ಆಫ್ ಒಳಗೆ ಮುಗಿಯುವವರೆಗೆ ಕಾಯುವ ಅವೇಟ್, ಒಟ್ಟಿಗೆ ಹೋಗಬೇಕಾದರೆ ಮ್ಯಾಪ್ ಮಾಡಿ ಎಲ್ಲಕ್ಕೂ ಕಾಯುವ ಪ್ರಾಮಿಸ್.ಆಲ್. ಸಂದೇಶ ರವಾನಿಸುವ ಗೇಟ್‌ವೇ ಒಮ್ಮೆಗೆ 50 ಮಾತ್ರ ಒಪ್ಪಿದರೆ, ಅಷ್ಟಷ್ಟರ ಗುಂಪು ಮಾಡಿ ಕೊಡಲು ರೂಬಿಯಲ್ಲಿ ಈಚ್_ಸ್ಲೈಸ್ ಇದೆ. ಜಾವಾಸ್ಕ್ರಿಪ್ಟಿನಲ್ಲಿ ಇಂಡೆಕ್ಸನ್ನು ಐವತ್ತೈವತ್ತು ಹೆಚ್ಚಿಸುವ ಹಳೆಯ ಫಾರ್ ಲೂಪ್ ಬರೆದು ಸ್ಲೈಸ್ ಮಾಡಿ.