ಬಿಯರ್ ತಯಾರಕಿಯ ಪತ್ತೇದಾರಿಕೆಯನ್ನು ತಿದ್ದುವಾಗ

ಮೈಸೂರಿನ ಸಣ್ಣ ಪ್ರಕಾಶನವೊಂದರಲ್ಲಿ ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. ಈಚೆಗೆ ನನ್ನ ಮೇಜಿಗೆ ಬಂದದ್ದು ಮಂಡ್ಯದ ಲೇಖಕಿಯೊಬ್ಬರ ಪತ್ತೇದಾರಿ ಮಾಲೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಪುಟ್ಟ ಊರು, ಅಲ್ಲಿ ಕ್ರಾಫ್ಟ್ ಬಿಯರ್ ತಯಾರಿಸಿ ಮಾರುವ ಹೆಂಗಸು, ಪುಸ್ತಕಕ್ಕೊಂದು ಕೊಲೆ. ‘ಕೋಜಿ ಮಿಸ್ಟರಿ’ ಎನ್ನುವ ಈ ಬಗೆಯ ಕಾದಂಬರಿಗಳಲ್ಲಿ ರಕ್ತಪಾತ ಓದುಗನ ಕಣ್ಣಿಗೆ ಬೀಳುವುದಿಲ್ಲ. ಪತ್ತೆ ಮಾಡುವವರೂ ಪೊಲೀಸರಲ್ಲ, ಬೇಕರಿಯವರೋ ಪುಸ್ತಕದಂಗಡಿಯವರೋ ಆಗಿರುತ್ತಾರೆ. ಆದ್ದರಿಂದ ಆ ಕಸುಬು ಕಥೆಗೆ ಬರಿಯ ಅಲಂಕಾರವಾಗಿದೆಯೋ ಅಥವಾ ಸಾಕ್ಷ್ಯವಾಗಿ ಒದಗುತ್ತಿದೆಯೋ ಎಂಬುದನ್ನೇ ಸಂಪಾದಕನಾದವನು ಮೊದಲು ನೋಡಬೇಕು.

ಮೊದಲ ಪುಸ್ತಕದಲ್ಲಿ ಶಂಕಿತನೊಬ್ಬ, ಕೊಲೆಯಾದ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಒಬ್ಬನೇ ಬಿಯರ್ ಕುದಿಸಿ, ತಣಿಸಿ, ಯೀಸ್ಟ್ ಹಾಕಿ ಮುಗಿಸಿದೆನೆಂದು ಹೇಳುತ್ತಾನೆ, ನಾಯಕಿ ನಂಬುತ್ತಾಳೆ. ಆದರೆ ಪುಡಿಮಾಡಿದ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು) 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ನೆನೆಸಬೇಕು, ಹೀಗೆ ಸಿಹಿಯಾದ ದ್ರವವನ್ನು ನಿಧಾನವಾಗಿ ಬಸಿಯಬೇಕು, ಕಹಿ, ಪರಿಮಳಕ್ಕೆಂದು ಹಾಪ್ಸ್ ಬಳ್ಳಿಯ ಹೂ ಹಾಕಿ ಮತ್ತೆ ಒಂದು ಗಂಟೆ ಕುದಿಸಬೇಕು, ಆಮೇಲೆ ಸುಮಾರು 20 ಡಿಗ್ರಿಗೆ ತಣಿಸಿದ ನಂತರವೇ ಯೀಸ್ಟ್ ಹಾಕಬೇಕು. ಕುದಿಯುವಾಗಲೇ ಹಾಕಿದರೆ ಅದು ಸತ್ತುಹೋಗುತ್ತದೆ. ಪಾತ್ರೆ ತೊಳೆಯುವುದೂ ಸೇರಿದರೆ ಇಡೀ ದಿನದ ದುಡಿಮೆ. ನಾನು ಆ ಭಾಗವನ್ನು ಹೊಡೆದುಹಾಕದೆ, ‘ಈ ಸುಳ್ಳು ನಿಮ್ಮ ನಾಯಕಿಗೆ ಆ ಕ್ಷಣವೇ ಹೊಳೆಯಬೇಕಲ್ಲವೇ?’ ಎಂದು ಅಂಚಿನಲ್ಲಿ ಬರೆದೆ.

“ಸರ್, ಹಾಗಾದ್ರೆ ಕೊಲೆಗಾರ ಐವತ್ತನೇ ಪುಟಕ್ಕೇ ಸಿಕ್ಕಿಬೀಳ್ತಾನಲ್ಲ?” ಎಂದು ಲೇಖಕಿ ಫೋನಿನಲ್ಲಿ ಕೇಳಿದರು. ಅವರೇ ಕಂಡುಕೊಂಡ ಪರಿಹಾರ ನನ್ನ ಸಲಹೆಗಿಂತ ಚೆನ್ನಾಗಿತ್ತು: ಸುಳ್ಳು ಹೇಳಿದವನನ್ನು ನಿರಪರಾಧಿಯಾಗಿಸಿ, ನಿಜವಾದ ಕೊಲೆಗಾರನನ್ನು ದ್ರವದ ಸಾಂದ್ರತೆ ಅಳೆಯುವ ಹೈಡ್ರೊಮೀಟರಿಗೆ ಒಪ್ಪಿಸಿದರು. ಅವನು ಸೋಮವಾರವೇ ಯೀಸ್ಟ್ ಹಾಕಿದೆನೆಂದು ದಿನವಹಿಯಲ್ಲಿ ಬರೆದಿದ್ದಾನೆ; ಯೀಸ್ಟ್ ಸಕ್ಕರೆಯನ್ನು ತಿಂದು ಹುದುಗಿದ್ದರೆ ಶನಿವಾರದ ಹೊತ್ತಿಗೆ 1.012ರ ಆಸುಪಾಸಿಗೆ ಇಳಿದಿರಬೇಕಾದ ಸಾಂದ್ರತೆ ಇನ್ನೂ 1.050ರಲ್ಲೇ ನಿಂತಿದೆ. ಆ ಸೋಮವಾರ ಅವನು ಟ್ಯಾಂಕಿನ ಬಳಿಗೇ ಹೋಗಿರಲಿಲ್ಲ.

ಇನ್ನೊಂದು ಅಧ್ಯಾಯದಲ್ಲಿ, ಹುದುಗುವ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೊಗೆಯ ಹಾಗೆ ಮೇಲಕ್ಕೇರಿ ಛಾವಣಿಯಡಿ ಕವಿದಿತ್ತು. ಸಿಎಫ್‌ಟಿಆರ್‌ಐನಲ್ಲಿ (ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ) ದುಡಿದು ನಿವೃತ್ತರಾದ ಪರಿಚಿತರಿಗೆ ಆ ಪುಟವನ್ನು ತೋರಿಸಿದಾಗ ಅವರು ನಕ್ಕರು. ಆ ಅನಿಲಕ್ಕೆ ಬಣ್ಣವಿಲ್ಲ, ಅದು ಗಾಳಿಗಿಂತ ಭಾರ. ನಮ್ಮ ಕಡೆ ಪಾಳುಬಾವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದ ಹಾಗೆಯೇ ಅಲ್ಲಿಯೂ ಅಪಾಯ ನೆಲಮಟ್ಟದಲ್ಲಿರುತ್ತದೆ ಎಂದರು. ಆದುದರಿಂದ ಹೊಸ ಪ್ರತಿಯಲ್ಲಿ, ಕಳಚಿಬಿದ್ದ ಕೊಳವೆಯನ್ನು ಎತ್ತಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ.

ಕಥೆಯನ್ನು ಮಂಡ್ಯಕ್ಕೇ ತರಲೇ ಎಂದು ಲೇಖಕಿ ಒಮ್ಮೆ ಕೇಳಿದ್ದುಂಟು, ನಾನು ಬೇಡವೆಂದೆ. ಮಂಡ್ಯವೇ ಬೇಕಿದ್ದರೆ ಆಲೆಮನೆಯ ಪತ್ತೇದಾರನನ್ನು ಸೃಷ್ಟಿಸಲಿ, ಅದಕ್ಕೆ ಬೇರೆಯೇ ಕೊಲೆ ಒಪ್ಪುತ್ತದೆ.

ಎರಡನೆಯ ಪುಸ್ತಕ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯ ಹಾಪ್ಸ್ ಕೊಯ್ಲಿನ ಸುತ್ತ ನಡೆಯುತ್ತದೆ. ಅಲ್ಲಿ ಕೊಯ್ಲು ಆಗಸ್ಟ್ ಕೊನೆಗೆ ಆರಂಭವಾಗಿ ಸೆಪ್ಟೆಂಬರಿನುದ್ದಕ್ಕೂ ಸಾಗುತ್ತದೆ. ಹಸ್ತಪ್ರತಿಯಲ್ಲಿ ಹೆಣ ಸಿಗುವುದು ಮೇ ತಿಂಗಳ ಕೊಯ್ಲಿನಲ್ಲಿ. ಮೊನ್ನೆ ಅದನ್ನು ಲೇಖಕಿಗೆ ಹಿಂದಿರುಗಿಸಿದ್ದೇನೆ.